ಹಾಡು ಅದೇ, ಪ್ಲೇ ಕೌಂಟ್ ಮಾತ್ರ ಸೊನ್ನೆ

ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಸಂಸ್ಥೆಯನ್ನು ಬದಲಿಸಿದ ವಾರ ನನ್ನ ಹಾಡಿನ ಕೆಳಗಿದ್ದ ಪ್ಲೇ ಕೌಂಟ್ ಸೊನ್ನೆಗೆ ಬಂತು. ಪ್ಲೇಲಿಸ್ಟ್‌ಗಳಲ್ಲಿ ಹಳೆಯ ಪ್ರತಿ ಬೂದು ಬಣ್ಣಕ್ಕೆ ತಿರುಗಿತ್ತು, ಒತ್ತಿದರೂ ಪ್ಲೇ ಆಗುತ್ತಿರಲಿಲ್ಲ. ಎರಡು ವರ್ಷದ ಕೇಳುಗರು ಮಾಯ!

ತಪ್ಪು ನನ್ನದೇ. ಅಪ್‌ಲೋಡ್ ಮಾಡುವಾಗ ಐಎಸ್‌ಆರ್‌ಸಿ ಎಂಬ ಖಾನೆಯನ್ನು ಖಾಲಿ ಬಿಟ್ಟಿದ್ದೆ. ಖಾಲಿ ಬಿಟ್ಟರೆ ಹೊಸ ಸಂಖ್ಯೆ ತಾನಾಗಿ ಬರುತ್ತದೆ. ಐಎಸ್‌ಆರ್‌ಸಿ ಎಂದರೆ ಪ್ರತಿ ರೆಕಾರ್ಡಿಂಗ್‌ಗೂ ಇರುವ 12 ಅಕ್ಷರ-ಅಂಕಿಗಳ ಗುರುತು. ಗುರುತು ಬದಲಾದರೆ ಸ್ಟ್ರೀಮಿಂಗ್ ಸೇವೆಗಳ ಲೆಕ್ಕದಲ್ಲಿ ಅದು ಬೇರೆಯೇ ಹಾಡು.

ಹಳೆಯ ಖಾತೆಯನ್ನು ಮುಚ್ಚಿರಲಿಲ್ಲ, ಪುಣ್ಯ. ಅಲ್ಲಿಂದ ಐಎಸ್‌ಆರ್‌ಸಿ ಜೊತೆಗೆ ಇಡೀ ಆಲ್ಬಮ್‌ನ ಗುರುತಿನ ಸಂಖ್ಯೆಯಾದ ಯುಪಿಸಿಯನ್ನೂ ನಕಲು ಮಾಡಿಕೊಂಡೆ. ಹೊಸ ಬಿಡುಗಡೆಯನ್ನು ತೆಗೆಸಿ, ಅದೇ ಸಂಖ್ಯೆಗಳೊಂದಿಗೆ ಮತ್ತೆ ಕಳಿಸಿದೆ. ಆಡಿಯೊ ಫೈಲ್ ಕೂಡ ಹಳೆಯದೇ. ಹೊಸದಾಗಿ ಮಾಸ್ಟರಿಂಗ್, ಅಂದರೆ ಧ್ವನಿಯ ಕೊನೆಯ ಹದ, ಮಾಡಿದ್ದನ್ನು ಹಾಕುವ ಆಸೆ ಇತ್ತು, ಅದುಮಿಕೊಂಡೆ. ಹೆಸರಿನ ಕಾಗುಣಿತ, ಕಲಾವಿದರ ಕ್ರಮ, ಮೊದಲ ಬಿಡುಗಡೆಯ ದಿನಾಂಕ ಎಲ್ಲವನ್ನೂ ಇದ್ದಂತೆಯೇ ತುಂಬಿದೆ.

ಕೆಲವು ದಿನ ಕಾದ ಮೇಲೆ ಹಳೆಯ ಲೆಕ್ಕ ಮರಳಿತು. ಒಂದು ಸೇವೆಯಲ್ಲಿ ಮಾತ್ರ ಹಾಡು ನನ್ನದೇ ಹೆಸರಿನ ಇನ್ನೊಬ್ಬ ಗಾಯಕರ ಪುಟಕ್ಕೆ ಹೋಗಿ ಕೂತಿತ್ತು. ನನ್ನ ಆರ್ಟಿಸ್ಟ್ ಪ್ರೊಫೈಲ್ ಲಿಂಕ್ ಕೊಟ್ಟು ಡಿಸ್ಟ್ರಿಬ್ಯೂಟರ್‌ಗೆ ಬರೆದೆ, ಸರಿಪಡಿಸಿದರು. ಹಳೆಯ ಖಾತೆಯನ್ನು ಮುಚ್ಚಿದ್ದು ಅದಾದ ಮೇಲೆಯೇ.