ಕೊಲರಾಡೋ ಬೆಟ್ಟಗಳಲ್ಲಿ ಎಲ್ಕ್ ಬೇಟೆ: ನನ್ನ ಸಿದ್ಧತೆಯ ಕ್ರಮ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ನಾನು ನೆಲೆಸಿರುವ ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ವನ್ಯಜೀವಿ ಇಲಾಖೆಯೇ ಪ್ರತಿ ವರ್ಷ ಹಿಂಡುಗಳ ಸ್ಥಿತಿ ನೋಡಿ ಪರವಾನಗಿ ಕೊಡುತ್ತದೆ. ಸಂರಕ್ಷಣೆಯ ವೆಚ್ಚದ ದೊಡ್ಡ ಪಾಲು ಆ ಶುಲ್ಕದಿಂದಲೇ ಬರುತ್ತದೆ. ನಮ್ಮ ಕಡವೆಯ ಬಳಗದ, ಅದಕ್ಕಿಂತಲೂ ದೊಡ್ಡದಾದ ಎಲ್ಕ್ ಇಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ.

ಹೆಚ್ಚಿನವರು ಎಲ್ಕ್ ಎಲ್ಲಿ ಸಿಗುತ್ತದೆ ಎಂಬಲ್ಲಿಂದ ಯೋಜನೆ ಶುರುಮಾಡುತ್ತಾರೆ. ನಾನು ಮಾಂಸವನ್ನು ಎಲ್ಲಿಂದ ಹೊತ್ತು ತರಬಲ್ಲೆ ಎಂಬಲ್ಲಿಂದ ಶುರುಮಾಡುತ್ತೇನೆ. ಬಲಿತ ಗಂಡು ಎಲ್ಕ್ 300 ಕಿಲೋ ಮೀರಿ ತೂಗುತ್ತದೆ. ಎಲುಬು ಬಿಡಿಸಿದ ಮೇಲೂ ಸುಮಾರು 90 ಕಿಲೋ ಮಾಂಸ ಉಳಿಯುತ್ತದೆ. ಫ್ಲ್ಯಾಟ್ ಟಾಪ್ಸ್‌ನಂತಹ ವನ್ಯಪ್ರದೇಶಗಳಲ್ಲಿ 1964ರ ಕಾನೂನಿನ ಪ್ರಕಾರ ವಾಹನವಿರಲಿ, ಸೈಕಲ್ಲು, ತಳ್ಳುಗಾಡಿಗಳಿಗೂ ಪ್ರವೇಶವಿಲ್ಲ. ಕುದುರೆಯಿಲ್ಲದವನಿಗೆ ಬೆನ್ನೇ ಗತಿ. 3,000 ಮೀಟರ್ ಎತ್ತರದಲ್ಲಿ ಪ್ರತಿ ಸುತ್ತಿಗೂ 25 ಕಿಲೋ ಹೊತ್ತು, ಜೊತೆಗಾರನೊಂದಿಗೆ ಎರಡು ದಿನದೊಳಗೆ ಮುಗಿಸಬಲ್ಲ ದೂರವನ್ನು ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಿಕೊಳ್ಳುತ್ತೇನೆ. ಆ ಗೆರೆಯಾಚೆ ಎಷ್ಟೇ ಒಳ್ಳೆಯ ಹಿಂಡು ಕಂಡರೂ ಬಂದೂಕು ಎತ್ತುವುದಿಲ್ಲ.

ಪರವಾನಗಿಗೆ ಅರ್ಜಿ ಹಾಕುವ ಕೊನೆಯ ದಿನ ಏಪ್ರಿಲ್ ಮೊದಲ ವಾರದಲ್ಲಿ ಬರುವುದರಿಂದ ಘಟಕದ, ಅಂದರೆ ಬೇಟೆಗೆಂದು ಇಲಾಖೆ ಗುರುತಿಸಿದ ಪ್ರದೇಶದ, ಆಯ್ಕೆ ಚಳಿಗಾಲದಲ್ಲೇ ಮುಗಿದಿರಬೇಕು. ಅರಣ್ಯ ಇಲಾಖೆಯ ವಾಹನ ಮಾರ್ಗಗಳ ನಕ್ಷೆ ಮತ್ತು ಸಮೋನ್ನತಿ ರೇಖೆಗಳ ನಕ್ಷೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ರಸ್ತೆಯಿಂದ ದೂರವಿದ್ದರೂ ಮೇಲಿನಿಂದ ಕೆಳಕ್ಕೆ ಹೊರೆ ಇಳಿಸಬಹುದಾದ ಇಳಿಜಾರುಗಳನ್ನು ಹುಡುಕುತ್ತೇನೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ನೀರು, ಬಿದ್ದ ಮರಗಳು, ಕಾಲುದಾರಿ ಇವನ್ನು ಕಣ್ಣಾರೆ ನೋಡದೆ ಯಾವ ಜಾಗವನ್ನೂ ನಂಬುವುದಿಲ್ಲ.

ಅಕ್ಟೋಬರ್‌ನಲ್ಲಿ ಎಲ್ಕ್ ಹಗಲಿಡೀ ಉತ್ತರಕ್ಕೆ ಮುಖಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ಕಾಡಿನಲ್ಲಿ ಮಲಗಿ, ನಸುಕು ಮುಸ್ಸಂಜೆಗಳಲ್ಲಿ ಹುಲ್ಲುಗಾವಲಿಗೆ ಬರುತ್ತದೆ. ಬಿಸಿಲೇರುತ್ತಿದ್ದಂತೆ ಗಾಳಿ ಬೆಟ್ಟ ಹತ್ತುತ್ತದೆ, ಸಂಜೆ ಇಳಿಯುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಹತ್ತಿ, ಬಿಸಿಲು ಬಿದ್ದ ಮೇಲೆ ನಾನು ಹಿಂಡಿಗಿಂತ ಮೇಲೆ ಇರುವಂತೆ ನೋಡಿಕೊಳ್ಳುತ್ತೇನೆ. ಗುಂಡು ಹಾರಿಸುವ ಮುನ್ನ ದುರ್ಬೀನಿನಲ್ಲಿ ಕೊಂಬಿನ ಕವಲು ಎಣಿಸಲೇಬೇಕು: ಬಹಳಷ್ಟು ಘಟಕಗಳಲ್ಲಿ ಒಂದು ಕೊಂಬಿಗಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೇ ಹಣೆಯ ಮೇಲಿನ ಕವಲು ಐದು ಅಂಗುಲವಿರಬೇಕು.

ಪ್ರಾಣಿ ಬಿದ್ದ ಮೇಲೆ ಪೈಪೋಟಿ ಕಾವಿನೊಂದಿಗೆ. ಹೊರಗೆ ಹಿಮವಿದ್ದರೂ ದಪ್ಪ ಚರ್ಮದೊಳಗೆ ತೊಡೆಸಂದಿನ ಮೂಳೆಯ ಸುತ್ತ ಶಾಖ ಸಿಕ್ಕಿಕೊಂಡು ಅಲ್ಲಿನ ಮಾಂಸವೇ ಮೊದಲು ಕೆಡುತ್ತದೆ. ಹೊಟ್ಟೆ ಸೀಳದೆ, ಬೆನ್ನುದ್ದಕ್ಕೂ ಚರ್ಮ ಬಿಡಿಸಿ ಮೊದಲು ಹಿಂದೊಡೆ ಕಳಚುತ್ತೇನೆ. ಸೊಂಟದ ಮೂಳೆಯ ಅಂಚನ್ನು ಚಾಕುವಿನ ಮೊನೆ ತಡಕುತ್ತ ಸಾಗಿದಂತೆ ಹಬೆ ಏಳುತ್ತದೆ, ಕೀಲಿನ ನಾರು ಕಡಿದೊಡನೆ ಇಡೀ ಕಾಲು ತೋಳಿಗೆ ಬರುತ್ತದೆ. ಗಂಡೆಂಬುದರ ಗುರುತನ್ನು ಕಾನೂನಿನಂತೆ ಮಾಂಸಕ್ಕೆ ಅಂಟಿಕೊಂಡೇ ಬಿಡಬೇಕು. ಬಟ್ಟೆಯ ಚೀಲಗಳಲ್ಲಿ ತುಂಬಿ, ಗಾಳಿಯಾಡುವ ನೆರಳಿನಲ್ಲಿ ಕೊಂಬೆಗೆ ತೂಗುಹಾಕುತ್ತೇನೆ.

ಕೊರಳು, ಪಕ್ಕೆಲುಬಿನ ಮಾಂಸವೂ ಸೇರಿ ತಿನ್ನಬಹುದಾದುದೆಲ್ಲ ಮೊದಲು ಇಳಿಯಬೇಕು. ತಲೆ, ಕೊಂಬು ಕಡೆಯ ಹೊರೆ. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬಂದು ಪ್ರಾಣಿಯನ್ನು ಕೃಶಗೊಳಿಸಿ ಕೊಲ್ಲುವ ರೋಗ ಇಲ್ಲಿನ ಹಿಂಡುಗಳಲ್ಲಿ ಇರುವುದರಿಂದ ತಲೆಯನ್ನು ಇಲಾಖೆಯ ಪರೀಕ್ಷೆಗೆ ಕೊಡುತ್ತೇನೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇರುತ್ತದೆ, ಯಾರಿಗೂ ಹಂಚುವುದಿಲ್ಲ.