ಬಚ್ಚಲ ನೀರಿನ ವಿಷ: ಉಳ್ಳಾಗಡ್ಡಿಯ ಬೇರಿನಿಂದ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಹುಬ್ಬಳ್ಳಿಯ ಮನೆಯೊಂದರಲ್ಲಿ ಬೆಳಿಗ್ಗೆ ತಲೆ ತೊಳೆದ ಶಾಂಪೂ ಗಟಾರ ಸೇರಿದ ಮೇಲೆ ಅದರ ಚಿಂತೆ ಯಾರಿಗೂ ಇರುವುದಿಲ್ಲ. ಆದರೆ ಶುದ್ಧೀಕರಣವಾಗದೆ ಹರಿದುಹೋದ ಕೊಳಚೆ ನಾಲಾಗಳ ಮೂಲಕ ಬೆಣ್ಣಿಹಳ್ಳಕ್ಕೆ ಇಳಿಯುತ್ತದೆ; ಬೆಣ್ಣಿಹಳ್ಳ ಮಲಪ್ರಭೆಯನ್ನು ಕೂಡುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಈ ದಾರಿಯುದ್ದಕ್ಕೂ ಇರುವ ಪಾಚಿ, ಹುಳು, ಮೀನುಗಳಿಗೆ ನಮ್ಮ ಬಚ್ಚಲ ನೀರು ಒಂದಿಷ್ಟಾದರೂ ಮುಟ್ಟಿಯೇ ಮುಟ್ಟುತ್ತದೆ.

ಶಾಂಪೂ, ಫೇಸ್‌ವಾಶ್, ಕ್ರೀಮುಗಳಲ್ಲಿ ನೀರಿನ ಅಂಶವಿರುವುದರಿಂದ ಅವುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯಬಲ್ಲವು. ಅದನ್ನು ತಡೆಯಲು ಬೆರೆಸುವ ಸಂರಕ್ಷಕಗಳ ಕೆಲಸವೇ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವುದು. ಬಾಟಲಿಯೊಳಗಿನ ಬೂಷ್ಟು ಯಾವುದು, ಕೆರೆಯ ಪಾಚಿ ಯಾವುದು ಎಂಬ ಭೇದ ಅವುಗಳಿಗೆ ತಿಳಿಯದು. ಬ್ಯಾಕ್ಟೀರಿಯಾಗಳು ಕೊಬ್ಬಿನಾಮ್ಲ ತಯಾರಿಸಿಕೊಳ್ಳುವ ಕಿಣ್ವವನ್ನೇ ಕಟ್ಟಿಹಾಕುವ ಟ್ರೈಕ್ಲೋಸಾನ್ ಎಂಬ ಸಂರಕ್ಷಕ, ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಸೂಕ್ಷ್ಮ ಪಾಚಿಗಳ ಬೆಳವಣಿಗೆಯನ್ನು ಕುಗ್ಗಿಸಬಲ್ಲದು. ಆ ಪಾಚಿಯನ್ನೇ ತಿಂದು ಬದುಕುವ, ಸಾಸಿವೆ ಕಾಳಿನಷ್ಟಿರುವ ಡ್ಯಾಫ್ನಿಯಾದಂಥ ಜೀವಿಗಳು ಮೀನುಮರಿಗಳ ಆಹಾರ. ಅಮೆರಿಕವು 2016ರಲ್ಲಿ ಗೃಹಬಳಕೆಯ ಕೈತೊಳೆಯುವ ಸೋಪುಗಳಲ್ಲಿ ಟ್ರೈಕ್ಲೋಸಾನ್ ಬಳಕೆಯನ್ನು ನಿಷೇಧಿಸಿತು. ಪ್ಯಾರಾಬೆನ್‌ಗಳೆಂಬ ಸಂರಕ್ಷಕಗಳ ತೊಂದರೆ ಬೇರೆ ಬಗೆಯದು. ಅವು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ದುರ್ಬಲವಾಗಿ ಅನುಕರಿಸುತ್ತವೆ. ಪ್ರಯೋಗಾಲಯದಲ್ಲಿ ಕೆಲವು ಪ್ಯಾರಾಬೆನ್‌ಗಳಿಗೆ ಒಡ್ಡಿದ ಗಂಡು ಮೀನುಗಳ ಮೈಯಲ್ಲಿ, ಹೆಣ್ಣು ಮೀನಿನಲ್ಲಿ ಮಾತ್ರ ಕಾಣಬೇಕಾದ, ತತ್ತಿಯ ಹಳದಿಗೆ ಬೇಕಾಗುವ ಪ್ರೋಟೀನ್ ಕಂಡುಬಂದಿದೆ. ಪ್ಯಾರಾಬೆನ್ ಪರಿಸರದಲ್ಲಿ ಬೇಗ ವಿಘಟನೆಯಾಗುತ್ತದೆ ಎಂಬ ಮಾತು ನಿಜ, ಆದರೆ ದಿನವೂ ಹೊಸದು ಬಂದು ಬೀಳುವ ಹಳ್ಳಕ್ಕೆ ಅದರಿಂದ ಸಮಾಧಾನವಿಲ್ಲ.

ಇದನ್ನು ಕಣ್ಣಾರೆ ಕಾಣಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸ್ವೀಡನ್ನಿನ ತಳಿವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಜೀವಕೋಶಗಳ ವಿಭಜನೆಯನ್ನು ತಡೆಯುವ ಕೊಲ್ಚಿಸಿನ್ ಎಂಬ ವಸ್ತುವಿನ ಪರಿಣಾಮವನ್ನು ಉಳ್ಳಾಗಡ್ಡಿಯ ಬೇರಿನಲ್ಲಿ ಪರಿಶೀಲಿಸಿದರು. ನೀರಿನ ವಿಷವನ್ನು ಅಳೆಯಲು ಇಂದಿಗೂ ಆ ಬೇರನ್ನು ಬಳಸುತ್ತಾರೆ; ವಿಷ ಹೆಚ್ಚಿದಷ್ಟೂ ಬೇರಿನ ಬೆಳವಣಿಗೆ ಕುಗ್ಗುತ್ತದೆ. ಗದಗ-ಧಾರವಾಡ ಸೀಮೆಯಲ್ಲಿ ಉಳ್ಳಾಗಡ್ಡಿಗೆ ಬರವಿಲ್ಲ.

ಮೊದಲು ಒಂದೇ ಗಾತ್ರದ ಹನ್ನೆರಡು ಸಣ್ಣ ಉಳ್ಳಾಗಡ್ಡಿಗಳನ್ನು ಆರಿಸಿ, ಒಣ ಸಿಪ್ಪೆ ತೆಗೆದು, ಬುಡದ ಒಣ ಬೇರುಗಳನ್ನು ಹಗುರವಾಗಿ ಕೆರೆದು ತೆಗೆಯಬೇಕು. ಹೊಸ ಬೇರು ಹೊರಡುವ ಉಂಗುರಕ್ಕೆ ಗಾಯವಾದರೆ ಪರೀಕ್ಷೆ ಕೆಟ್ಟಂತೆಯೇ. ನಲ್ಲಿ ನೀರನ್ನು ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ತುಂಬಿಟ್ಟರೆ ಅದರ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಹಾ ಚಮಚ, ಅಂದರೆ ಸುಮಾರು 10 ಮಿಲಿಲೀಟರ್ ಶಾಂಪೂ ಬೆರೆಸಿದರೆ ಶೇ 1ರ ದ್ರಾವಣವಾಗುತ್ತದೆ. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಶೇ 0.1, ಮತ್ತೊಮ್ಮೆ ಹಾಗೆಯೇ ಮಾಡಿದರೆ ಶೇ 0.01. ಈ ಮೂರು ದ್ರಾವಣಗಳಿಗೂ ಬರಿಯ ನೀರಿಗೂ ತಲಾ ಮೂರು ಲೋಟಗಳಂತೆ ತುಂಬಿ, ಉಳ್ಳಾಗಡ್ಡಿಯ ಬುಡವಷ್ಟೇ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ, ನೆರಳಿನಲ್ಲಿಟ್ಟು, ದಿನಕ್ಕೊಮ್ಮೆ ಅದೇ ಅಳತೆಯ ಹೊಸ ದ್ರಾವಣಕ್ಕೆ ಬದಲಿಸಬೇಕು. ಐದನೆಯ ದಿನ ಪ್ರತಿ ಗಡ್ಡೆಯ ಐದು ಉದ್ದನೆಯ ಬೇರುಗಳನ್ನು ಅಳೆದು ಸರಾಸರಿ ತೆಗೆಯಬೇಕು.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹೀಗೆ ಇಟ್ಟಾಗ ಬರಿಯ ನೀರಿನ ಲೋಟದಲ್ಲಿ ಬೆಳ್ಳನೆಯ ಬೇರುಗಳು ಗಡ್ಡದಂತೆ ಇಳಿಬಿದ್ದಿದ್ದವು. ಶೇ 1ರ ಲೋಟದಲ್ಲಿ ಬುಡದ ಉಂಗುರ ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು, ಬೇರು ಹೊರಬಂದಿರಲೇ ಇಲ್ಲ. ಆ ಲೋಟವನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂಕಟ ಸಣ್ಣದಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು: ಈ ಪರೀಕ್ಷೆ ತೋರಿಸುವುದು ಶಾಂಪೂವಿನ ಒಟ್ಟು ಪರಿಣಾಮವನ್ನು. ಅದರಲ್ಲಿ ನೊರೆ ಬರಿಸುವ ವಸ್ತುವಿನ ಪಾಲೂ ದೊಡ್ಡದಿರುವುದರಿಂದ ತಪ್ಪೆಲ್ಲ ಸಂರಕ್ಷಕದ್ದೇ ಎಂದು ಹೇಳಲಾಗದು. ಬಳಸಿದ ಗಡ್ಡೆಗಳನ್ನು ತಿನ್ನಬಾರದು.

ಅನಂತರ ಲೇಬಲ್ ಓದಬೇಕು. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಮೊದಲು ನಮೂದಿಸಬೇಕೆಂಬುದು ನಮ್ಮ ದೇಶದ ನಿಯಮ; ಸಂರಕ್ಷಕಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುವುದರಿಂದ ಪಟ್ಟಿಯನ್ನು ಕೊನೆಯಿಂದ ಓದುವುದು ಒಳ್ಳೆಯದು. ಪ್ಯಾರಾಬೆನ್ ಎಂದು ಮುಗಿಯುವ ಹೆಸರುಗಳು, ಟ್ರೈಕ್ಲೋಸಾನ್, ಮೀಥೈಲ್ ಐಸೋಥಯಾಜೋಲಿನೋನ್, ಫಾರ್ಮಾಲ್ಡಿಹೈಡ್ ಬಿಡುವ ಡಿಎಂಡಿಎಂ ಹೈಡಾಂಟಾಯಿನ್ ಇವೆಯೇ ಎಂದು ನೋಡಬೇಕು. ಪ್ಯಾರಾಬೆನ್ ಇಲ್ಲವೆಂದು ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದ ಬಾಟಲಿಯ ಹಿಂಭಾಗವನ್ನು ಇನ್ನಷ್ಟು ಎಚ್ಚರದಿಂದ ಓದಬೇಕು, ಏಕೆಂದರೆ ಅದರ ಜಾಗಕ್ಕೆ ಬಂದಿರಬಹುದಾದ ಐಸೋಥಯಾಜೋಲಿನೋನ್ ಜಲಚರಗಳಿಗೆ ಅದಕ್ಕಿಂತ ತೀಕ್ಷ್ಣವಾದದ್ದು.

ನೀರಿನ ಅಂಶವಿಲ್ಲದ ಒಣ ಪುಡಿಗೆ ಮತ್ತು ಗಟ್ಟಿ ಸೋಪಿಗೆ ಸಂರಕ್ಷಕದ ಅಗತ್ಯ ಬಹಳ ಕಡಿಮೆ, ಆದ್ದರಿಂದ ಕಡಲೆಹಿಟ್ಟು, ಶೀಗೆಪುಡಿಗೆ ಮರಳುವುದು ಸರಿಯಾದ ದಾರಿಯೇ. ಹಾಗೆಂದು ಶೀಗೆ, ಅಂಟವಾಳಗಳನ್ನು ಮನಬಂದಂತೆ ಹಳ್ಳಕ್ಕೆ ಬಿಡುವಂತಿಲ್ಲ. ಅವುಗಳ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರಿಗೆ ಘಾತುಕವಾದದ್ದು. ಅವಧಿ ಮೀರಿದ ಶಾಂಪೂ, ಕ್ರೀಮುಗಳನ್ನು ಬಚ್ಚಲಿಗೆ ಸುರಿಯದೆ, ಬಾಟಲಿ ಸಮೇತ ಬೇರೆ ಕಟ್ಟಿ, ಮನೆಯ ಅಪಾಯಕಾರಿ ಕಸವೆಂದು ಹೇಳಿ ಕಸದ ಗಾಡಿಯವರಿಗೆ ಕೊಡಬೇಕು. ತಿಂಗಳ ನಂತರ ಹೊಸದಾಗಿ ಆರಿಸಿಕೊಂಡ ಸೋಪು ಅಥವಾ ಶೀಗೆಪುಡಿಯನ್ನು ಅದೇ ಅಳತೆಯಲ್ಲಿ ಕರಗಿಸಿ, ಮತ್ತೆ ಹನ್ನೆರಡು ಉಳ್ಳಾಗಡ್ಡಿಗಳನ್ನು ಕೂರಿಸಿ, ಹಿಂದಿನ ಬೇರಿನ ಅಳತೆಯ ಪಕ್ಕದಲ್ಲೇ ಹೊಸದನ್ನು ಬರೆದಿಡಿ.