ವಿನೈಲ್ ಸೈಡಿಂಗ್ ಮನೆಯ ಕಿಟಕಿಗೆ ಅಂಚು ಕಟ್ಟುವುದು ಹೇಗೆ?

ಅಮೆರಿಕದ ಉಪನಗರಗಳಲ್ಲಿ ಮನೆ ಕೊಂಡ ಕನ್ನಡಿಗರಲ್ಲಿ ಹಲವರದು ವಿನೈಲ್ ಸೈಡಿಂಗ್ ಮನೆ. ಮರದ ಚೌಕಟ್ಟಿನ ಗೋಡೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ನೀರು ತಡೆಯುವ ಹೌಸ್‌ವ್ರ್ಯಾಪ್ ಎಂಬ ಹಾಳೆ, ಎಲ್ಲಕ್ಕೂ ಹೊರಗೆ ಅಡ್ಡಡ್ಡ ತೂಗುಹಾಕಿದ ಪಿವಿಸಿ ಪಟ್ಟಿಗಳು. ಪದೇ ಪದೇ ಬಣ್ಣ ಬಳಿಯುವ ಗೋಜಿಲ್ಲ. ಆದರೆ ರಸ್ತೆಯಲ್ಲಿ ನಿಂತು ನೋಡಿದರೆ ಕಿಟಕಿಗಳು ಬೋಳುಬೋಳಾಗಿ ಕಾಣುತ್ತವೆ.

ಇದಕ್ಕೆ ಕಾರಣ ಜೆ-ಚಾನೆಲ್. ಸೈಡಿಂಗ್‌ನ ಕತ್ತರಿಸಿದ ತುದಿ ಕಾಣದಿರಲೆಂದು ಕಿಟಕಿಯ ಸುತ್ತ ಒಂದು ತೆಳ್ಳನೆಯ ಪಟ್ಟಿ ಕೂರಿಸಿರುತ್ತಾರೆ. ಬಿಲ್ಡರ್‌ನ ಕೆಲಸ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ನಮ್ಮೂರ ಮನೆಗಳಲ್ಲಿ ಕಿಟಕಿಯ ಮೇಲೊಂದು ಸಜ್ಜಾ ಇರುತ್ತದೆ. ಅದು ಮಳೆಯನ್ನು ದೂರ ತಳ್ಳುತ್ತದೆ, ಜೊತೆಗೆ ಗೋಡೆಯ ಮೇಲೆ ನೆರಳಿನ ಗೆರೆ ಎಳೆದು ಕಿಟಕಿಗೆ ಆಳ ಕೊಡುತ್ತದೆ. ವಿನೈಲ್ ಗೋಡೆಯಲ್ಲಿ ಆ ನೆರಳೇ ಇಲ್ಲ. ಹೆಚ್ಚಿನವರು ಮೊದಲು ಶಟರ್ (ಕಿಟಕಿಯ ಎರಡೂ ಪಕ್ಕ ಕೂರಿಸುವ ಬಾಗಿಲಿನಂಥ ಹಲಗೆ) ಕೊಳ್ಳಲು ಓಡುತ್ತಾರೆ. ನಾನು ಹೇಳುವುದು, ಮೊದಲು ಅಗಲವಾದ ಅಂಚು, ಅಂದರೆ ಟ್ರಿಮ್, ಕಟ್ಟಿ. ಶಟರ್ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಕೈ ಹಾಕುವ ಮೊದಲು

ಬಡಾವಣೆಯಲ್ಲಿ ಎಚ್‌ಒಎ (ಮನೆಮಾಲೀಕರ ಸಂಘ) ಇದ್ದರೆ ಹೊರಗಿನ ಯಾವ ಬದಲಾವಣೆಗೂ ಲಿಖಿತ ಒಪ್ಪಿಗೆ ಬೇಕಾಗಬಹುದು, ಮೊದಲು ಕೇಳಿಕೊಳ್ಳಿ. 1978ಕ್ಕಿಂತ ಹಿಂದಿನ ಮನೆಯಾದರೆ ಸೈಡಿಂಗ್‌ನ ಅಡಿಯಲ್ಲಿ ಹಳೆಯ ಮರ, ಅದರ ಮೇಲೆ ಸೀಸದ ಬಣ್ಣ ಇರುವ ಸಂಭವವಿದೆ. ಪರೀಕ್ಷೆ ಮಾಡಿಸದೆ ಅಂಥ ಗೋಡೆಯನ್ನು ಉಜ್ಜಬೇಡಿ, ಕೊಯ್ಯಬೇಡಿ.

ಗೋಡೆಯನ್ನು ತೊಳೆಯಿರಿ. ಏಳು ಪಾಲು ನೀರಿಗೆ ಮೂರು ಪಾಲು ಬಿಳಿ ವಿನೆಗರ್ ಬೆರೆಸಿ, ಮೆದು ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಪಾಚಿ, ಬೂಷ್ಟು ಹೋಗುತ್ತದೆ. ಎಷ್ಟೋ ಮನೆಗಳಿಗೆ ಇಷ್ಟರಲ್ಲೇ ಅರ್ಧ ಕಳೆ ಬರುತ್ತದೆ. ಪ್ರೆಶರ್ ವಾಷರ್ ಬಳಸುವುದಾದರೆ ನೀರನ್ನು ಮೇಲ್ಮುಖವಾಗಿ ಹಾಯಿಸಬೇಡಿ, ಪಟ್ಟಿಗಳ ಹಿಂದೆ ನುಗ್ಗುತ್ತದೆ.

ಹವೆ ನೋಡಿ ದಿನ ಆರಿಸಿಕೊಳ್ಳಿ. ಚಳಿಯಲ್ಲಿ ವಿನೈಲ್ ಪೆಡಸಾಗಿ ಸುಲಭವಾಗಿ ಒಡೆಯುತ್ತದೆ. 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಕೆಲಸ ಮುಂದೂಡಿ.

ಸೈಡಿಂಗ್ ಬಿಚ್ಚುವುದು

ಪ್ರತಿ ಪಟ್ಟಿಯ ಕೆಳ ಅಂಚು ಅದರ ಕೆಳಗಿನ ಪಟ್ಟಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿರುತ್ತದೆ, ಮೇಲಂಚಿನಲ್ಲಿ ಮೊಳೆ ಇರುತ್ತದೆ. ಬಿಚ್ಚಲು ಜಿಪ್ ಟೂಲ್ ಎಂಬ ಸಣ್ಣ ಉಪಕರಣ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಪಟ್ಟಿಯ ಕೆಳ ಅಂಚಿಗೆ ಸಿಕ್ಕಿಸಿ, ಕೆಳಕ್ಕೆ ಜಗ್ಗುತ್ತಾ ಉದ್ದಕ್ಕೆ ಎಳೆದರೆ ಕೊಕ್ಕೆ ಬಿಡುತ್ತದೆ. ಆಗ ಕೆಳಗಿನ ಪಟ್ಟಿಯ ಮೊಳೆಗಳು ಕಾಣುತ್ತವೆ, ಅವನ್ನು ಮೆಲ್ಲಗೆ ಕೀಳಿ. ಕಿಟಕಿಯ ಮೇಲಿನಿಂದ ಆರಂಭಿಸಿ ಕೆಳಗಿಳಿಯಿರಿ. ತೆಗೆದ ಪ್ರತಿ ಪಟ್ಟಿಯ ಹಿಂದೆ ಸಂಖ್ಯೆ ಬರೆದಿಡಿ. ಕೊನೆಗೆ ಹಳೆಯ ಜೆ-ಚಾನೆಲ್ ಕಳಚಿ. ಕೆಲವು ಕಿಟಕಿಗಳಲ್ಲಿ ಅದು ಚೌಕಟ್ಟಿನೊಂದಿಗೇ ಅಚ್ಚಾಗಿ ಬಂದಿರುತ್ತದೆ. ಆಗ ಅದನ್ನು ಕೊಯ್ಯದೆ, ಹೊಸ ಟ್ರಿಮ್ ಅದರ ಸಂದಿಯೊಳಗೆ ಕೂರುತ್ತದೆಯೇ ಎಂದು ಅಳೆದು ನೋಡಿ.

ನೀರಿನ ದಾರಿ

ಈ ಹಂತದಲ್ಲಿ ಆತುರ ಪಟ್ಟರೆ ಚಂದದ ಅಂಚಿನ ಹಿಂದೆ ಗೋಡೆ ಕೊಳೆಯುತ್ತದೆ. ವಿನೈಲ್ ಸೈಡಿಂಗ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಸ್ವಲ್ಪ ನೀರು ಒಳಗೆ ಹೋಗಿಯೇ ಹೋಗುತ್ತದೆ, ಹೌಸ್‌ವ್ರ್ಯಾಪ್ ಮೇಲೆ ಇಳಿದು ಕೆಳಗಿನಿಂದ ಹೊರಬರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಆದ್ದರಿಂದ ಮೇಲಿನ ಪದರ ಯಾವಾಗಲೂ ಕೆಳಗಿನ ಪದರದ ಹೊರಗೆ ಬರಬೇಕು. ಕಿಟಕಿಯ ಸುತ್ತ ನೀರು ನುಗ್ಗದಂತೆ ಅಂಟಿಸಿರುವ ಫ್ಲ್ಯಾಶಿಂಗ್ ಟೇಪ್ ಸಡಿಲವಾಗಿದ್ದರೆ ಹೊಸದನ್ನು ಮೊದಲು ಎರಡು ಪಕ್ಕಕ್ಕೆ ಹಚ್ಚಿ, ಆಮೇಲೆ ಕಿಟಕಿಯ ತಲೆಯ ಮೇಲೆ. ಅದರ ಮೇಲಕ್ಕೆ ಹೌಸ್‌ವ್ರ್ಯಾಪ್ ಇಳಿಬಿಡಿ. ಕಿಟಕಿಯ ಕೆಳ ಅಂಚನ್ನು ಟೇಪ್‌ನಿಂದಾಗಲಿ ಸಂದಿ ಮುಚ್ಚುವ ಕಾಲ್ಕ್ ಎಂಬ ಮೆತ್ತುಅಂಟಿನಿಂದಾಗಲಿ ಮುಚ್ಚಬೇಡಿ. ಚೌಕಟ್ಟಿನ ಕೆಳಗಿನ ಸಣ್ಣ ತೂತುಗಳೂ ನೀರು ಹೊರಹೋಗಲೆಂದೇ ಇರುವುದು. ಹಲಗೆ ಮೆತ್ತಗಾಗಿದ್ದರೆ, ಕಪ್ಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಬದಲಿಸಿದ ಮೇಲೆಯೇ ಮುಂದುವರಿಯಿರಿ.

ಅಂಚು ಕೂರಿಸುವುದು

ಪಿವಿಸಿ ಟ್ರಿಮ್ ಹಲಗೆ ಒಳ್ಳೆಯದು. ಕೊಳೆಯುವುದಿಲ್ಲ, ಮರದಂತೆಯೇ ಕೊಯ್ಯಬಹುದು. ಒಂದು ಅಂಗುಲ ದಪ್ಪದ್ದನ್ನೇ ಕೊಳ್ಳಿ. ಮುಕ್ಕಾಲು ಅಂಗುಲದ್ದು ಸೈಡಿಂಗ್‌ನ ಮಟ್ಟದಲ್ಲೇ ಉಳಿದು ನೆರಳು ಬೀಳುವುದಿಲ್ಲ. ಪಕ್ಕಗಳಿಗೆ ಮೂರೂವರೆ ಅಂಗುಲ ಅಗಲ, ತಲೆಗೆ ಐದೂವರೆ ಇಟ್ಟರೆ ಹೊಂದುತ್ತದೆ. ತಲೆಪಟ್ಟಿ ಎರಡೂ ಕಡೆ ಅರ್ಧ ಅಂಗುಲ ಹೊರಚಾಚಿರಲಿ. ನಾಲ್ಕೂ ಅಂಚು ಒಂದೇ ಅಗಲವಿದ್ದರೆ ಕಿಟಕಿ ಫೋಟೊ ಕಟ್ಟು ಹಾಕಿದ ಹಾಗೆ ಕಾಣುತ್ತದೆ. ತಲೆ ತುಸು ಭಾರವಾಗಿರಬೇಕು.

ಮೂಲೆಗಳನ್ನು ಪಿವಿಸಿ ಅಂಟಿನಿಂದ ಕೂಡಿಸಿ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಕ್ರೂಗಳಿಂದ ಬಿಗಿಯಿರಿ. ತಲೆಪಟ್ಟಿಯ ಮೇಲೆ ಲೋಹದ ಡ್ರಿಪ್ ಕ್ಯಾಪ್ ಕೂರಿಸಲೇಬೇಕು. ಅದರ ಹಿಂದಿನ ರೆಕ್ಕೆ ಹೌಸ್‌ವ್ರ್ಯಾಪ್‌ನ ಅಡಿ ಸೇರಬೇಕು, ಮುಂದಿನ ತುಟಿ ಹಲಗೆಯಿಂದ ಹೊರಗೆ ಬಾಗಿರಬೇಕು. ಸಜ್ಜಾ ಮಾಡುವ ಕೆಲಸವನ್ನು ಇಲ್ಲಿ ಈ ತಗಡು ಮಾಡುತ್ತದೆ.

ಈಗ ಹೊಸ ಜೆ-ಚಾನೆಲ್ ಅನ್ನು ಟ್ರಿಮ್‌ನ ಹೊರಸುತ್ತಿಗೆ ಹಾಕಿ. ಮೇಲಿನ ಚಾನೆಲ್‌ನ ಎರಡೂ ತುದಿಯಲ್ಲಿ ಒಂದು ನಾಲಿಗೆ ಕತ್ತರಿಸಿ ಪಕ್ಕದ ಚಾನೆಲ್‌ನೊಳಕ್ಕೆ ಬಗ್ಗಿಸಿದರೆ ನೀರು ಅದರೊಳಗೇ ಇಳಿದುಹೋಗುತ್ತದೆ. ಟ್ರಿಮ್ ತೆಗೆದುಕೊಂಡ ಜಾಗದಷ್ಟು ಸೈಡಿಂಗ್ ಪಟ್ಟಿಗಳನ್ನು ಮೊಟಕು ಮಾಡಿ, ಇನ್ನೂ ಕಾಲು ಅಂಗುಲ ಹೆಚ್ಚಾಗಿಯೇ ಕತ್ತರಿಸಿ. ಹನ್ನೆರಡು ಅಡಿಯ ಪಟ್ಟಿ ಬೇಸಿಗೆ ಚಳಿಗಾಲಗಳ ನಡುವೆ ಅರ್ಧ ಅಂಗುಲ ಹಿಗ್ಗಿ ಕುಗ್ಗಬಲ್ಲದು, ಜಾಗ ಇಲ್ಲದಿದ್ದರೆ ಉಬ್ಬಿಕೊಳ್ಳುತ್ತದೆ. ಮೊಳೆಯನ್ನೂ ಪೂರ್ತಿ ಬಡಿಯಬಾರದು. ಪಟ್ಟಿಯ ಮೇಲಂಚಿನ ಸೀಳಿನ ನಡುಮಧ್ಯೆ ಹೊಡೆದು ಮೊಳೆಯ ತಲೆಯ ಕೆಳಗೆ ಒಂದು ಮಿಲಿಮೀಟರ್‌ನಷ್ಟು ಸಡಿಲ ಬಿಡಿ. ಪಟ್ಟಿ ಹಿಡಿದು ಅಲ್ಲಾಡಿಸಿದರೆ ಅತ್ತಿತ್ತ ಸರಿಯಬೇಕು. ಚಾನೆಲ್‌ನೊಳಗೆ ಕಾಲ್ಕ್ ತುಂಬಬೇಡಿ.

ಎರಡನೇ ಮಹಡಿಯ ಕಿಟಕಿಗಳನ್ನು ಕಂಟ್ರಾಕ್ಟರ್‌ಗೆ ಬಿಡಿ. ಏಣಿಯ ಮೇಲೆ ಒಂಟಿಯಾಗಿ ಉದ್ದನೆಯ ಪಟ್ಟಿ ಹಿಡಿದು ನಿಲ್ಲುವ ಕೆಲಸವಲ್ಲ ಇದು.

ಶಟರ್, ಬಣ್ಣ

ಶಟರ್ ಹಾಕುವ ಆಸೆ ಇದ್ದರೆ ಅಳತೆ ತಪ್ಪಬೇಡಿ. ಒಂದೊಂದೂ ಕಿಟಕಿಯ ಅರ್ಧದಷ್ಟು ಅಗಲ, ಕಿಟಕಿಯಷ್ಟೇ ಎತ್ತರ ಇರಬೇಕು, ಮುಚ್ಚಿದರೆ ಕಿಟಕಿ ಪೂರ್ತಿ ಮುಚ್ಚುವಂತೆ. ಜೋಡಿ ಕಿಟಕಿಗೆ, ತೆರೆಯಲಾಗದ ದೊಡ್ಡ ಗಾಜಿನ ಪಿಕ್ಚರ್ ವಿಂಡೋಗೆ ಈ ಲೆಕ್ಕ ಕೂಡುವುದಿಲ್ಲ; ಅಲ್ಲಿ ಶಟರ್ ಬೇಡವೇ ಬೇಡ, ಅಂಚೇ ಸಾಕು.

ಟ್ರಿಮ್‌ಗೆ ಬಿಳಿಯೋ ಕೆನೆಬಣ್ಣವೋ ಇರಲಿ. ಸೈಡಿಂಗ್‌ಗೇ ಬಣ್ಣ ಬಳಿಯುವ ಯೋಚನೆ ಇದ್ದರೆ ಈಗಿರುವುದಕ್ಕಿಂತ ಕಡು ಬಣ್ಣ ಸಲ್ಲದು. ಬಿಸಿಲು ಹೀರಿ ಪಟ್ಟಿ ಸೊಟ್ಟಗಾಗುತ್ತದೆ. ಕಡು ಬಣ್ಣವೇ ಬೇಕೆಂದರೆ ವಿನೈಲ್‌ಗೆಂದೇ ತಯಾರಿಸಿದ ಬಣ್ಣ ಕೇಳಿ ಕೊಳ್ಳಿ. ಗೋಡೆಯ ಒಂದೇ ಭಾಗ ಕರಗಿದಂತೆ ವಕ್ರವಾಗಿದ್ದರೆ ಎದುರಿನ ಮನೆಯತ್ತ ನೋಡಿ: ಶಾಖ ತಡೆಯುವ ಲೇಪವಿರುವ ಲೋ-ಇ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ವಿನೈಲ್ ಅನ್ನು ಮೆತ್ತಗಾಗಿಸುವಷ್ಟು ಬಿಸಿಯೇರಬಲ್ಲದು. ಆ ಕಿಟಕಿಯ ಹೊರಗೆ ಪೂರ್ಣ ಸೊಳ್ಳೆಪರದೆ ಹಾಕಿಸಿದರೆ ಪ್ರತಿಫಲನ ತಗ್ಗುತ್ತದೆ. ನೆರೆಯವರೊಂದಿಗೆ ಮಾತಾಡಿ ಅದನ್ನು ಮಾಡಿಸಿದ ನಂತರವೇ ಹಾಳಾದ ಪಟ್ಟಿ ಬದಲಿಸಿ.